ಮಾವಳೆಯ ಕೈಗೆ ಬಂದೂಕು ಕೊಟ್ಟರೆ ಯಾರಪ್ಪನ ಗಂಟು ಹೋಗುತ್ತೆ?

ದೀಪಾವಳಿ ಮುಗಿದು ಎರಡು ವಾರ ಆಯ್ತು. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಇದನ್ನ ಬ್ಲಾಗಿಗೆ ಹಾಕೋದೇ ಬೇಡ ಅಂದ್ಕೊಂಡಿದ್ದೆ. ತಲೆಗೂದಲು ಬೆಳ್ಳಗಾದವನು ಮಕ್ಕಳ ಗೊಂಬೆ ಬಗ್ಗೆ ಜಗಳ ತೆಗೆದಿದ್ದಾನೆ ಅಂತ ನೀವೆಲ್ಲ ನಗ್ತೀರಿ ಅಂತ. ನಗ್ರಿ. ನಕ್ಕು ಮುಗಿದ ಮೇಲೆ ಓದ್ರಿ.

ಮೊದಲು ಬೆಂಗಳೂರು, ಮಂಗಳೂರು ಕಡೆಯ ಗೆಳೆಯರಿಗೆ ಒಂದು ಮಾತು. ಮೈಸೂರಿನವರಿಗೆ ದಸರಾ ಗೊಂಬೆ ಹೇಗೋ ನಮ್ಮ ಬೆಳಗಾವಿ ಸೀಮೆಯ ಹುಡುಗರಿಗೆ ದೀಪಾವಳಿಯ ಕಿಲ್ಲೆ ಹಾಗೆ. ಮನೆ ಮುಂದೆ ಕಲ್ಲು, ಇಟ್ಟಂಗಿ ಪೇರಿಸಿ, ಮೇಲೆ ಗೋಣಿಚೀಲ ಹೊದಿಸಿ, ಕೆಸರು ಮೆತ್ತಿ ಗುಡ್ಡ ಮಾಡ್ತಾರೆ. ಅದರ ಮೇಲೆ ಬುರುಜು, ಬಾಗಿಲು, ಮೆಟ್ಟಿಲು. ಹಸಿರು ಕಾಣಲಿ ಅಂತ ಸಾಸಿವೆ ಚೆಲ್ಲಿ ನೀರು ಚಿಮುಕಿಸ್ತಾರೆ. ನೆತ್ತಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಕೆಳಗೆ ಸಾಲಾಗಿ ಮಾವಳೆಗಳು, ಅಂದರೆ ಅವರ ಸೈನಿಕರು. ಮಹಾರಾಷ್ಟ್ರದಿಂದ ಬಂದ ರೂಢಿ, ಗಡಿಯ ಈಚೆಗೂ ನಮ್ಮದೇ ಆಗಿ ಹೋಗಿದೆ. ನಾನೂ ಹುಕ್ಕೇರಿ ತಾಲೂಕಿನವನೇ, ಕೈ ಕೆಸರು ಮಾಡಿಕೊಂಡೇ ದೊಡ್ಡವನಾದೆ. ಈ ಆಟದ ಮೇಲೆ ನನಗೆ ಎಳ್ಳಷ್ಟೂ ಮುನಿಸಿಲ್ಲ.

ವಿಷಯ ಇಷ್ಟು. ಅಕ್ಕನ ಮನೆ ಮೂಡಲಗಿಯಲ್ಲಿ. ಅಳಿಯ ಏಳನೇ ಇಯತ್ತೆ. ಈ ಸಲ ರಾಯಗಡ ಬೇಡ, ಪ್ರತಾಪಗಡ ಬೇಡ, ಕಿತ್ತೂರು ಮಾಡ್ತೀನಿ ಅಂದ. ಮಾಡೋ ತಮ್ಮಾ ಅಂದೆ. ಗೊಂಬೆ ತರಲು ಇಬ್ಬರೂ ಗೋಕಾಕದ ಪೇಟೆಗೆ ಹೋದ್ವಿ. ಆಮೇಲೆ ನಾನೊಬ್ಬನೇ ಹುಕ್ಕೇರಿಯಲ್ಲೂ ನೋಡಿದೆ, ಮೂಡಲಗಿಯಲ್ಲೂ ವಿಚಾರಿಸಿದೆ. ಮೂರೂ ಊರಲ್ಲಿ ಸಿಕ್ಕಿದ್ದು ಒಂದೇ ಅಚ್ಚಿನ ಪ್ಲಾಸ್ಟರ್ ಗೊಂಬೆ. ಬಲಗೈ ಮೇಲೆತ್ತಿ ಬಾಗಿದ ಕತ್ತಿ, ಎಡಗೈಯಲ್ಲಿ ದುಂಡು ಗುರಾಣಿ, ತಲೆಗೆ ಪಗಡಿ, ಒಂದೇ ಮೀಸೆ. ಚೆನ್ನಮ್ಮನ ಕಡೆಯವರು ಇದ್ದಾರೇನ್ರಿ ಅಂತ ಕೇಳಿದರೆ ಅಂಗಡಿಯವರು, 'ಇವ್ರನ್ನ ಇಡ್ರಿ, ಯಾರ್ ಕೇಳ್ತಾರ?' ಅಂದರು. ಕಂಪನಿ ಸರ್ಕಾರದ ಸಿಪಾಯಿಗಳಂತೂ ದೂರದ ಮಾತು. ಕಿಲ್ಲೆ ಗೊಂಬೆ ಮಾರುವವರ ಹತ್ತಿರ ಯಾವತ್ತೂ ಒಂದೇ ಪಕ್ಷ. ಶತ್ರು ಅನ್ನೋನು ಅಂಗಡಿಗೇ ಬಂದಿಲ್ಲ. ಯುದ್ಧ ಯಾರ ಜೊತೆ ಮಾಡಬೇಕೋ!

ಇಪ್ಪತ್ನಾಲ್ಕು ತಂದ್ವಿ. ಮನೆಗೆ ಬಂದು ಸಾಲಾಗಿ ನಿಲ್ಲಿಸಿದ ಹುಡುಗ ಸ್ವಲ್ಪ ಹೊತ್ತು ನೋಡಿ ಕೇಳಿದ: 'ಮಾಮಾ, ಥ್ಯಾಕರೆಗೆ ಗುಂಡು ಹೊಡದವ್ರು ಇವ್ರ ಅಂದ್ರ, ಬಂದೂಕು ಎಲ್ಲೈತಿ?'

ನೋಡ್ರಿ, ಹನ್ನೆರಡು ವರ್ಷದ ಹುಡುಗನ ಪ್ರಶ್ನೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಗುಂಡಿನಿಂದ. ಗುರಿಯಿಟ್ಟವನು ಅಮಟೂರು ಬಾಳಪ್ಪ ಅಂತ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಆ ಕಥೆಯಿಂದ ಬಂದೂಕು ತೆಗೆದರೆ ಉಳಿಯೋದು ಏನು?

ಅಲ್ಲಿಂದ ಶುರುವಾಯ್ತು ನಮ್ಮ ಕಾರಖಾನೆ.

ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಏಕೆಂದರೆ 'ಗೊಂಬೆ ಕೆಡಿಸೋದು' ಅನ್ನುವವರಿಗೆ ಇದರಲ್ಲಿ ಎಷ್ಟು ಯೋಚನೆ ಇದೆ ಅನ್ನೋದು ಗೊತ್ತಿಲ್ಲ. ಕತ್ತಿ ಮುರಿದು ಆ ಜಾಗಕ್ಕೆ ಬಂದೂಕು ಅಂಟಿಸಿದರೆ ಆಯ್ತಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಆಗಲ್ಲ. ಕತ್ತಿಗೆ ಒಂದು ಕೈ ಸಾಕು, ಬಂದೂಕಿಗೆ ಎರಡೂ ಬೇಕು. ಎತ್ತಿದ ಕೈಯಲ್ಲಿ ಬಂದೂಕು ಇಟ್ಟರೆ ಮದುವೆ ಮೆರವಣಿಗೆಯಲ್ಲಿ ಕೋಲು ಹಿಡಿದು ಕುಣಿದಂಗೆ ಕಾಣ್ತದೆ. ಮೊದಲ ಎರಡು ಗೊಂಬೆ ಹಾಗೇ ಹಾಳಾದವು. ಪ್ಲಾಸ್ಟರ್ ಅಂದರೆ ಬಳಪ ಇದ್ದಂಗೆ, ಹ್ಯಾಕ್ಸಾ ಬ್ಲೇಡ್ ಒತ್ತಿದರೆ ಮೊಣಕೈ ಅಲ್ಲ, ಭುಜವೇ ಕಳಚಿ ಬರ್ತದೆ. ಆಮೇಲೆ ಕಲಿತದ್ದು: ಒತ್ತಬಾರದು, ಸುತ್ತ ಗೀರುತ್ತಾ ಹೋಗಬೇಕು. ಕತ್ತರಿಸಿದ ಜಾಗಕ್ಕೆ ದಬ್ಬಣ ಹಿಡಿದು ಬೆರಳಲ್ಲಿ ತಿರುಗಿಸಿ ತೂತು ಮಾಡಬೇಕು. ಸೆಂಟ್ರಿಂಗ್ ಕೆಲಸದವರ ಹತ್ತಿರ ಸಿಗುವ ತೆಳು ತಂತಿಯ ತುಂಡು ಅದರೊಳಗೆ ಸೇರಿಸಬೇಕು. ಅದು ಹೊಸ ಕೈಯ ಎಲುಬು. ಪ್ಲಾಸ್ಟರ್ ನೀರು ಹೀರುತ್ತೆ, ಹಾಗಾಗಿ ನೀರು ಕಲಸಿದ ಫೆವಿಕಾಲ್ ಒಂದು ಕೈ ಬಳಿದು ಒಣಗಿಸಿ, ಆಮೇಲೆ ಎಂ-ಸೀಲ್. ಹೌದು, ನಳ ಸೋರಿದರೆ ಮೆತ್ತುವ ಅದೇ ಎಂ-ಸೀಲ್. ಎರಡೂ ಭಾಗ ಸಮ ತೂಕ ಹಿಸುಕಿ ನಾದಿ, ಬೆರಳು ಒದ್ದೆ ಮಾಡಿಕೊಂಡು ತಿದ್ದಿದರೆ ಮೊಣಕೈಯೂ ಆಗ್ತದೆ, ಹಿಡಿಯೂ ಆಗ್ತದೆ. ಬೇಗ ಕೆಲಸ ಮುಗಿಸಬೇಕು, ಗಟ್ಟಿಯಾದ ಮೇಲೆ ದೇವರಿಂದಲೂ ತಿದ್ದಲಾಗದು.

ನಳಿಗೆಗೆ ಉರಿದ ಊದಿನಕಡ್ಡಿಯ ಬುಡ. ಹಿಡಿಗೆ ಎಂ-ಸೀಲ್. ಬತ್ತಿ ಬಂದೂಕು ಆದ್ದರಿಂದ ಮಗ್ಗುಲಲ್ಲಿ ಒಂದು ನೂಲಿನ ಎಳೆ.

ಆದರೆ ಈ ಇಡೀ ಕೆಲಸದಲ್ಲಿ ನನಗೆ ಖುಷಿ ಕೊಟ್ಟದ್ದು ಹುಡುಗ ಕಂಡುಹಿಡಿದ ಒಂದು ಉಪಾಯ. ಎಲ್ಲ ಕೈಗಳನ್ನೂ ಕತ್ತರಿಸುವುದು ನಮ್ಮಿಂದ ಆಗಲಿಲ್ಲ, ದಿನ ಸಾಲದು. ಆಗ ಇವನು ಒಂದು ಗೊಂಬೆಯ ಕತ್ತಿ ಮಾತ್ರ ತೆಗೆದು, ಗುರಾಣಿ ಒಡೆದು, ಬಂದೂಕನ್ನ ನೆಲಕ್ಕೂರಿ ಎಡಗೈಗೆ ಆನಿಸಿ ನಿಲ್ಲಿಸಿದ. ಎತ್ತಿದ ಬಲಗೈಗೆ ಒಂದು ಸಣ್ಣ ಕಡ್ಡಿ ಕೊಟ್ಟ. ಈಗ ನೋಡಿದರೆ ಆ ಸೈನಿಕ ನಳಿಗೆಯೊಳಗೆ ಮದ್ದು ಜಡಿಯುತ್ತಿದ್ದಾನೆ! ಅಚ್ಚಿನಲ್ಲಿ ಎತ್ತಿದ ಕೈ ಎತ್ತಿದಂತೆಯೇ ಇದೆ, ಅರ್ಥ ಬೇರೆ ಆಗಿದೆ. ಆ ಕಾಲದ ಬಂದೂಕಿಗೆ ಪ್ರತಿ ಗುಂಡಿಗೂ ಬಾಯಿಂದ ಮದ್ದು ತುಂಬಿ ಜಡಿಯಬೇಕಿತ್ತು, ಅಂದರೆ ಕಾಳಗದ ಹೊತ್ತಲ್ಲಿ ಹಾರಿಸುವವನಿಗಿಂತ ತುಂಬುವವನೇ ಹೆಚ್ಚು ಹೊತ್ತು ಕಾಣ್ತಿದ್ದ. ಹುಡುಗನಿಗೆ ಇದನ್ನ ನಾನು ಹೇಳಿಕೊಟ್ಟದ್ದಲ್ಲ. ಗೊಂಬೆಯ ಕೈಯೇ ಹೇಳಿಕೊಟ್ಟಿತು.

ಒಬ್ಬನ ಹೆಗಲಿಗೆ ಹಳೇ ಕಂಬಳಿಯ ಚೂರು ಹೊದಿಸಿ ಸಂಗೊಳ್ಳಿ ರಾಯಣ್ಣನನ್ನ ಮಾಡಿದ್ವಿ. ಗುರಾಣಿ ಬೇಕೆನಿಸಿದವರಿಗೆ ಅಂಗಿಯ ಗುಂಡಿ, ಭರ್ಚಿಗೆ ಕಸಬರಿಗೆ ಕಡ್ಡಿ. ಕಂಪನಿಯ ಸೈನ್ಯಕ್ಕೆ ಜಾತ್ರೆಯಲ್ಲಿ ಸಿಗುವ ಹಸಿರು ಪ್ಲಾಸ್ಟಿಕ್ ಸಿಪಾಯಿಗಳು. ಅವರ ಕಬ್ಬಿಣದ ಟೊಪ್ಪಿಗೆ ಮೇಲೆ ಎಂ-ಸೀಲ್ ಏರಿಸಿ ಉದ್ದ ಟೊಪ್ಪಿ ಮಾಡಿ, ಕೆಂಪು ಕೋಟಿನ ಬಣ್ಣ ಹಚ್ಚಿ, ಕೈಯಲ್ಲಿದ್ದ ಮಷೀನ್ ಗನ್ನಿನ ಡಬ್ಬಿ ಕೊಯ್ದು ನಳಿಗೆ ಉದ್ದ ಮಾಡಿದರೆ ಥ್ಯಾಕರೆಯ ಪಡೆ ತಯಾರು. ತೋಪಿಗೆ ಬಾಲ್‌ಪೆನ್ನಿನ ಕ್ಯಾಪು. ಅಕ್ಕ ನಾಲ್ಕು ದಿನ ನಮ್ಮಿಬ್ಬರಿಗೂ ಬೈದಳು, ಐದನೇ ದಿನ ತಾನೇ ಕೂತು ಚೆನ್ನಮ್ಮನ ಸೀರೆಯ ಅಂಚಿಗೆ ಬಣ್ಣ ಹಚ್ಚಿದಳು.

ಆಮೇಲೆ ಸ್ಪರ್ಧೆ. ಊರು ಯಾವುದು, ಮಂಡಳ ಯಾವುದು ಅಂತ ಕೇಳಬೇಡಿ, ಹೇಳಲ್ಲ. ನೋಡಲು ಬಂದ ಹಿರಿಯರಲ್ಲಿ ಒಬ್ಬರು ಕನ್ನಡಕ ಏರಿಸಿ ಬಗ್ಗಿ ನೋಡಿದರು. 'ಇವು ಮಾವಳ್ಯಾರ ಗೊಂಬಿ ಅಲ್ಲೇನೋ? ಕೈ ಮುರದ್ ಕೆಡಿಸೀರಿ. ಮಾವಳೆ ಅಂದ್ರ ಮಾವಳೆ ಇದ್ದಂಗ ಇರಬೇಕು. ಇತಿಹಾಸ ಅಂದ್ರ ಆಟಾ ಅಲ್ಲ' ಅಂದರು. ಬಹುಮಾನ ಎಲ್‌ಇಡಿ ಸರ, ಕಾರಂಜಿ, ಐವತ್ತು ಹೊಚ್ಚ ಹೊಸ ಅಂಗಡಿ ಗೊಂಬೆ ಇದ್ದ ಕಿಲ್ಲೆಗೆ ಹೋಯ್ತು. ಹೋಗಲಿ, ಬಹುಮಾನಕ್ಕೆ ನಾನು ಅಳ್ತಿಲ್ಲ. ಮನೆಗೆ ಬಂದ ಹುಡುಗ ಮಾತಾಡದೆ ಬಂದೂಕುಗಳನ್ನ ಒಂದೊಂದಾಗಿ ಕೀಳಲು ಕೂತ. 'ಮಾಮಾ, ಮುರದ ಕತ್ತಿ ಎಲ್ಲಿ ಒಗದಿ? ಮತ್ತ ಹಚ್ಚಬೇಕು' ಅಂದ. ಆಗ ಬಂತು ನೋಡಿ ನನಗೆ ಸಿಟ್ಟು.

ಆ ಹಿರಿಯರಿಗೆ ಅಲ್ಲೇ ಉತ್ತರ ಕೊಡಲಿಲ್ಲ, ಹಬ್ಬದ ದಿನ. ಇಲ್ಲಿ ಕೊಡ್ತೀನಿ.

ಕಾಕಾ, ಇತಿಹಾಸ ಅಂದಿರಿ. ಅಂಗಡಿಯ ಅಚ್ಚು ಯಾವ ಇತಿಹಾಸ? ಹದಿನೇಳನೇ ಶತಮಾನದ ದಖನಿನ ಯಾವ ಸೈನ್ಯದಲ್ಲೂ ಎಲ್ಲರ ಕೈಯಲ್ಲೂ ಒಂದೇ ಬಾಗಿದ ಕತ್ತಿ ಇರಲಿಲ್ಲ. ಬತ್ತಿ ಬಂದೂಕಿನವರಿದ್ದರು, ಬಿಲ್ಲಿನವರಿದ್ದರು, ಭರ್ಚಿಯವರಿದ್ದರು. ಮೊಣಕೈವರೆಗೆ ಕಬ್ಬಿಣದ ಕೈಚೀಲ ಇರುವ ನೇರ ಅಲಗಿನ ಪಟ್ಟಾ ಅನ್ನೋ ಆಯುಧ ಮರಾಠರ ಹೆಮ್ಮೆ, ಅದು ಒಂದಾದರೂ ಅಂಗಡಿ ಗೊಂಬೆಯ ಕೈಯಲ್ಲಿ ಕಂಡಿದ್ದೀರಾ? ನಾನು ಕಂಡಿಲ್ಲ. ನಮ್ಮ ಕಡೆಯ ಬೇಡರ ಗುರಿಯಂತೂ ಹೆಸರುವಾಸಿ. ಸುರಪುರದ ಬೇಡರ ವಾಗಿನಗೇರಿ ಹಿಡಿಯಲು 1705ರಲ್ಲಿ ಸ್ವತಃ ಔರಂಗಜೇಬನೇ ಬಂದು ಮುತ್ತಿಗೆ ಹಾಕಬೇಕಾಯ್ತು. ಹೀಗಿರುವಾಗ ಅಚ್ಚು ಮಾಡಿದವನ ಅನುಕೂಲಕ್ಕೆ, ಸಾಗಿಸುವಾಗ ಮುರಿಯಬಾರದು ಅಂತ ದಪ್ಪಗೆ ಎರೆದ ಒಂದು ಕತ್ತಿಯನ್ನ ಇತಿಹಾಸ ಅಂತ ಕರೆದು, ಕಥೆಗೆ ತಕ್ಕ ಆಯುಧ ಕೊಟ್ಟ ಹುಡುಗನಿಗೆ ಇತಿಹಾಸ ಕೆಡಿಸಿದವನು ಅನ್ನೋದು ಎಲ್ಲಿಯ ನ್ಯಾಯ?

ಮೂಡಲಗಿಗೆ ದೂರವಲ್ಲದ ಹಲಗಲಿಯನ್ನೇ ತಗೊಳ್ಳಿ, ಮುಧೋಳ ತಾಲೂಕು. 1857ರಲ್ಲಿ ಆಯುಧ ಒಪ್ಪಿಸಿರಿ ಅಂತ ಸರ್ಕಾರ ಕಾಯ್ದೆ ತಂದಾಗ ಅಲ್ಲಿನ ಬೇಡರು ಕೊಡಲ್ಲ ಅಂದರು. ಸೈನ್ಯ ಬಂತು, ಊರು ಸುಟ್ಟರು, ಎಷ್ಟೋ ಜನರನ್ನ ಗಲ್ಲಿಗೇರಿಸಿದರು. ಕೈಯಲ್ಲಿ ಯಾವ ಆಯುಧ ಇದೆ ಅನ್ನೋದು ಚಿಲ್ಲರೆ ವಿಷಯ ಅಂತ ಹಲಗಲಿಯವರ ಮುಂದೆ ಹೋಗಿ ಹೇಳಿ ನೋಡೋಣ.

ಇನ್ನು 'ಗೊಂಬೆ ಕೆಡಿಸೋದು' ಅನ್ನೋ ಮಾತು. ಇದನ್ನ ಗೋಕಾಕದ ಸುತ್ತಮುತ್ತಲ ಊರಿನವರು ಆಡಿದರೆ ನನಗೆ ನಗಬೇಕೋ ಅಳಬೇಕೋ ತಿಳಿಯಲ್ಲ. ಗೋಕಾಕ ಅಂದರೆ ಈಗ ಎಲ್ಲರಿಗೂ ಕರದಂಟು ಮತ್ತು ಫಾಲ್ಸ್. ಆದರೆ 1908ರ ಇಂಪೀರಿಯಲ್ ಗೆಜೆಟಿಯರ್ ತೆಗೆದರೆ ಊರಿನ ಕಸುಬಿನ ಸಾಲಲ್ಲಿ ಗೊಂಬೆಯೂ ಇದೆ. ಹಗುರ ಮರದಿಂದ, ಒಂದು ಬಗೆಯ ಮಣ್ಣಿನಿಂದ ಮನುಷ್ಯರ ಆಕೃತಿ, ಹಣ್ಣು ಮಾಡುತ್ತಿದ್ದರು ಅಂತ. ಗೋಕಾಕದ ಮರದ ಮಾವಿನಹಣ್ಣು, ಬದನೆಕಾಯಿ ನೋಡಿ ಕೈ ಹಾಕಿ ಮೋಸ ಹೋದವರು ನಮ್ಮ ಮನೆಯಲ್ಲೇ ಇದ್ದಾರೆ. ಈ ಕೆಲಸದ ಜೀನಗಾರರ ಹೆಸರೇ ನೋಡಿ, ಜೀನು ಅಂದರೆ ಕುದುರೆಯ ತಡಿ. ತಡಿ ಹೊಲಿಯುತ್ತಿದ್ದ ಕೈಗಳು ಕುದುರೆ ಸವಾರರ ಕಾಲ ಮುಗಿದ ಮೇಲೆ ಉಳಿ, ಕುಂಚ ಹಿಡಿದವು. ಒಂದು ಕಸುಬೇ ಆಯುಧ ಬದಲಿಸಿದ ಕಥೆ ಅದು.

ಕೊಪ್ಪಳದ ಕಿನ್ನಾಳದಲ್ಲಿ ಮರದ ತುಂಡುಗಳನ್ನ ಬೇರೆ ಬೇರೆ ಕೆತ್ತಿ, ಹುಣಸೆ ಬೀಜದ ಅಂಟು, ಮರದ ಹೊಟ್ಟು, ಗೋಣಿಯ ಪುಡಿ ಕಲಸಿದ ಕಿಟ್ಟದಿಂದ ಕೂಡಿಸುತ್ತಾರೆ. ಅದು ಆ ಕಾಲದ ಎಂ-ಸೀಲ್ ಅಲ್ಲದೆ ಇನ್ನೇನು? ಜಾತ್ರೆ ಬಂತೆಂದರೆ ದ್ಯಾಮವ್ವನನ್ನೇ ಬಣ್ಣಕ್ಕೆ ಕೂಡ್ರಿಸುವ ಸೀಮೆ ನಮ್ಮದು. ಶ್ರೀಕೃಷ್ಣ ಪಾರಿಜಾತ ಅಂತ ಎದೆ ತಟ್ಟಿಕೊಳ್ತೀವಲ್ಲ, ಅಪರಾಳ ತಮ್ಮಣ್ಣನ ಕೃತಿಯನ್ನ ಆಟಕ್ಕೆ ಒಗ್ಗುವಂತೆ ತಿದ್ದಿ ಬೆಳೆಸಿದವನು ಇದೇ ಮೂಡಲಗಿ ಮಗ್ಗುಲಿನ ಕುಲಗೋಡದ ತಮ್ಮಣ್ಣ. ಅವನಿಗೂ ಯಾರಾದರೂ 'ಕೆಡಿಸಿದಿ' ಅಂದಿದ್ದರೆ?

ಹಳ್ಳಿ ಜನ ಹೀಗೇ, ಪೇಟೆಯವರು ತಿಳಿದವರು ಅಂತ ಯಾರಾದರೂ ತಲೆಯಾಡಿಸುತ್ತಿದ್ದರೆ ನಿಲ್ಲಿಸಿ. ಬೆಂಗಳೂರಿನಲ್ಲಿ ನನ್ನ ಒಬ್ಬ ಗೆಳೆಯನಿದ್ದಾನೆ, ಸಾಫ್ಟ್‌ವೇರ್. ಅವನಿಗೆ ವಾರ್‌ಹ್ಯಾಮರ್ ಹುಚ್ಚು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಆಟ, 1983ರಲ್ಲಿ ಶುರುವಾದದ್ದು. ಬೆರಳುದ್ದದ ರಾಕ್ಷಸರು, ಯಕ್ಷರು, ಕವಚದ ವೀರರು. ಬಿಡಿಭಾಗ ತಂದು ಅಂಟಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಪಗಡೆ ಹಾಕಿ ಯುದ್ಧ ಆಡ್ತಾರೆ. ನಮ್ಮ ಕಿತ್ತೂರಿನ ಫೋಟೋ ಕಳಿಸಿದೆ. ಫೋನ್ ಮಾಡಿ ಕುಣಿದಾಡಿದ. ಇದಕ್ಕೆ ನಮ್ಮಲ್ಲಿ ಕನ್ವರ್ಷನ್ ಅಂತಾರೆ ಮಾರಾಯ, ನಿನ್ನ ಎಂ-ಸೀಲ್ ಜಾಗದಲ್ಲಿ ನಮ್ಮದು ಗ್ರೀನ್ ಸ್ಟಫ್, ನೀಲಿ ಹಳದಿ ಎರಡು ಪಟ್ಟಿ ನಾದಿದರೆ ಹಸಿರಾಗುತ್ತೆ, ಅಷ್ಟೇ ವ್ಯತ್ಯಾಸ ಅಂದ. ಆ ಆಟದಲ್ಲಿ ಒಂದು ಹಳೇ ಪದ್ಧತಿಯಿದೆಯಂತೆ: ಗೊಂಬೆಯ ಕೈಯಲ್ಲಿ ಕಂಡದ್ದೇ ಅದರ ಆಯುಧ. ಕಾಗದದ ಮೇಲೆ ನಿನ್ನ ಸೈನಿಕನಿಗೆ ಬಂದೂಕು ಬರೆದುಕೊಂಡಿದ್ದರೆ ಕೈಯಲ್ಲೂ ಬಂದೂಕೇ ಕಾಣಬೇಕು. ಅದಕ್ಕೇ ಜನ ಕೊಯ್ದು ಅಂಟಿಸೋದು ಕಲಿತದ್ದು. ನನ್ನ ಅಳಿಯ ಕೇಳಿದ್ದೂ ಅದೇ ಅಲ್ಲವೇ, ಬಂದೂಕು ಎಲ್ಲೈತಿ ಅಂತ.

ತಮಾಷೆ ಏನಂದರೆ ಅಲ್ಲೂ ಒಬ್ಬ ಕನ್ನಡಕದ ಕಾಕಾ ಇದ್ದಾನೆ. ಒಂದು ಕಾಲಕ್ಕೆ ಆ ಕಂಪನಿಯೇ ತನ್ನ ಪತ್ರಿಕೆಯಲ್ಲಿ ಹೀಗೆ ಕೈ ಬದಲಿಸಿ, ತಲೆ ಬದಲಿಸಿ ಅಂತ ಹೇಳಿಕೊಡುತ್ತಿತ್ತು, ಬಿಡಿ ಕೈಕಾಲು ಅಂಚೆಯಲ್ಲಿ ಮಾರುತ್ತಿತ್ತು. ಆಮೇಲೆ ಚಾಪ್ಟರ್‌ಹೌಸ್ ಅನ್ನೋ ಅಮೆರಿಕದ ಸಣ್ಣ ಕಂಪನಿಯೊಂದು ಆ ಗೊಂಬೆಗಳಿಗೆ ಹೊಂದುವ ಭುಜದ ಕವಚ, ತಲೆ, ಆಯುಧ ಮಾಡಿ ಮಾರಿದಾಗ 2010ರಲ್ಲಿ ಶಿಕಾಗೋದ ಕೋರ್ಟಿಗೆ ಎಳೆಯಿತು. 2013ರಲ್ಲಿ ಜ್ಯೂರಿ ಕೊಟ್ಟ ತೀರ್ಪಿನಲ್ಲಿ ಇಬ್ಬರಿಗೂ ಸ್ವಲ್ಪ ಗೆಲುವು, ಸ್ವಲ್ಪ ಸೋಲು. ಈಚೆಗಂತೂ ಎಷ್ಟೋ ಪಡೆಗಳಿಗೆ ಡಬ್ಬಿಯಲ್ಲಿ ಬಂದ ಆಯುಧ ಬಿಟ್ಟು ಬೇರೆಯದಕ್ಕೆ ನಿಯಮವೇ ಇಲ್ಲವಂತೆ. ಡಬ್ಬಿಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಗೆಳೆಯ ಗೊಣಗುತ್ತಿದ್ದ. ನನಗೆ ಮೂಡಲಗಿ ನೆನಪಾಯ್ತು. ಒಬ್ಬರು ಹೆಸರಿಡೋದು ಇತಿಹಾಸ ಅಂತ, ಇನ್ನೊಬ್ಬರು ನಿಯಮ ಅಂತ. ಆಜ್ಞೆ ಒಂದೇ: ಮಾರಿದವನು ಹೇಗೆ ಕೊಟ್ಟನೋ ಹಾಗೇ ಇಟ್ಟುಕೋ.

ಮೆಚ್ಚದವರ ಮಾತಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳಲ್ಲ. ಗೋಕಾಕದ ಹಳೇ ಮರದ ಗೊಂಬೆ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಅದಕ್ಕೆ ಬ್ಲೇಡು ತಾಗಿಸಬೇಡಿ. ಅದು ಒಬ್ಬ ಮನುಷ್ಯ ಕೂತು ಕೆತ್ತಿದ್ದು, ಅದರ ಜೋಡಿ ಇನ್ನೊಂದಿಲ್ಲ. ಸಿಂಹಾಸನದ ಮೇಲಿನ ಮಹಾರಾಜರ ಮೂರ್ತಿಯನ್ನೂ ನಾವು ಮುಟ್ಟಲಿಲ್ಲ. ಅದನ್ನ ಎಷ್ಟೋ ಮನೆಗಳಲ್ಲಿ ಹೂವೇರಿಸಿ ಕೈ ಮುಗಿಯುತ್ತಾರೆ, ಅದು ಆಟದ ಸಾಮಾನಲ್ಲ. ನಾನು ಹೇಳ್ತಿರೋದು ಅಚ್ಚಿನಿಂದ ಸಾವಿರಗಟ್ಟಲೆ ಉದುರುವ, ಮಳೆಗೆ ಕರಗಿ ತಿಪ್ಪೆ ಸೇರುವ ಪ್ಲಾಸ್ಟರ್ ಗೊಂಬೆಯ ಮಾತು. ಎರಡಕ್ಕೂ ಒಂದೇ ಮರ್ಯಾದೆ ಕೊಡಬೇಕು ಅನ್ನುವವರು ಮೊದಲು ಗೋಕಾಕಕ್ಕೆ ಹೋಗಿ ಮರದ ಗೊಂಬೆ ಮಾಡುವವರ ಹತ್ತಿರ ಒಂದಾದರೂ ಕೊಂಡುಕೊಳ್ಳಲಿ. ಆ ಹಿರಿಯರ ಮನೆಯಲ್ಲಿ ಒಂದೂ ಇರಲಿಕ್ಕಿಲ್ಲ ಅಂತ ನನ್ನ ಗುಮಾನಿ. (ಇದ್ದರೆ ಕ್ಷಮೆ ಕೇಳ್ತೀನಿ, ಕರದಂಟು ಸಮೇತ :-))

ಇನ್ನೊಂದು ವಾದವನ್ನ ಅಕ್ಕನ ಗಂಡನೇ ಎತ್ತಿದರು. 'ಬೇಕಾದ್ದು ಸಿಗದಿದ್ರ ಸಿಗೋದನ್ನ ಮಾಡ್ಬೇಕಿತ್ತು, ರಾಯಗಡ ಮಾಡಿದ್ರ ಬಹುಮಾನ ಬರ್ತಿತ್ತಲ್ಲ' ಅಂತ. ಭಾವನವರು ವ್ಯಾಪಾರಸ್ಥರು, ಅವರ ಲೆಕ್ಕ ಸರಿಯೇ. ಆದರೆ ಆ ಲೆಕ್ಕ ಹಿಡಿದರೆ ಪೇಟೆಗೆ ಯಾವ ಗೊಂಬೆ ಬರುತ್ತೋ ಆ ಕಥೆ ಮಾತ್ರ ನಮ್ಮ ಅಂಗಳದಲ್ಲಿ ನಡೀತದೆ. ಸಂಕೇಶ್ವರದ ಹತ್ತಿರ ಹರಗಾಪುರದ ಗುಡ್ಡದ ಮೇಲೆ ವಲ್ಲಭಗಡ ನಿಂತಿದೆ, ಹೆದ್ದಾರಿಯಿಂದ ದೂರವೇನಿಲ್ಲ. ಹುಕ್ಕೇರಿ ತಾಲೂಕಿನ ಎಷ್ಟು ಹುಡುಗರು ಅದನ್ನ ಕಟ್ಟಿದ್ದಾರೆ? ಬೆಳವಡಿ ಮಲ್ಲಮ್ಮನ ಹೆಣ್ಣುಪಡೆಯ ಕಥೆ ಪಾಠದಲ್ಲಿ ಓದ್ತೀವಿ. ಹೆಣ್ಣು ಸೈನಿಕಳ ಒಂದು ಗೊಂಬೆ ಯಾವ ಅಂಗಡಿಯಲ್ಲಿದೆ? ಅಕ್ಕನ ಕಿರಿ ಮಗಳು ಇದನ್ನ ಕೇಳಿದ್ದಾಳೆ. ಮೀಸೆ ಕೆರೆದು, ಪಗಡಿ ತೆಗೆದು ತುರುಬು ಇಟ್ಟು, ಧೋತರವನ್ನ ಕಚ್ಚೆ ಸೀರೆ ಮಾಡಬಹುದು ಅಂತ ಅಣ್ಣನೇ ಹೇಳಿಕೊಟ್ಟ. ಅಂದರೆ ಹುಡುಗ ಇನ್ನೂ ಪೂರ್ತಿ ಸೋತಿಲ್ಲ.

ಆ ದಿನ ಅವನು ಕಿತ್ತದ್ದು ಆರು ಬಂದೂಕು. ಅಷ್ಟರಲ್ಲಿ ನಾನು ಹೋಗಿ ಕೂತೆ. ಮದ್ದು ಜಡಿಯುವವನನ್ನ ಮಾತ್ರ ಅವನೇ ತೆಗೆದು ಬದಿಗಿಟ್ಟಿದ್ದ, ಮುಟ್ಟಿರಲಿಲ್ಲ. ಕತ್ತಿಯ ತುಣುಕು ಕಸದ ಜೊತೆ ಹೋಯ್ತು ಅಂತ ಸುಳ್ಳು ಹೇಳಿದೆ. ಜೇಬಲ್ಲೇ ಇದ್ದವು. ಬರುವಾಗ ಬಸ್ಸಿಂದ ಘಟಪ್ರಭೆಗೆ ಎಸೆದೆ.

ಮುಂದಿನ ವರ್ಷ ಹಲಗಲಿ ಮಾಡೋಣ ಅಂತಿದ್ದಾನೆ. 'ಹಲಗಲಿಗೆ ಕಿಲ್ಲೆ ಎಲ್ಲೈತೋ?' ಅಂದರೆ 'ಊರs ಮಾಡೂಣು ಮಾಮಾ' ಅಂದ. ಈಗ ನಮಗೆ ಬೇಕಿರೋದು ಕುದುರೆ ಮೇಲಿನ ಪ್ಲಾಸ್ಟಿಕ್ ಸವಾರರು, ಅಗ್ಗದವು, ಹತ್ತು ಹನ್ನೆರಡು. ಹುಬ್ಬಳ್ಳಿಯಲ್ಲೋ ಕೊಲ್ಹಾಪುರದಲ್ಲೋ ಎಲ್ಲಿಯಾದರೂ ಕಂಡರೆ ಕಾಮೆಂಟ್ ಹಾಕಿ ತಿಳಿಸ್ರಿ. ಕೈಯಲ್ಲಿ ಏನೇ ಹಿಡಿದಿರಲಿ, ನಡೀತದೆ.